ಕಲ್ಲಿದ್ದಲ ಗುಡ್ಡಕ್ಕೆ ಬೀಜ ಹುಡುಕಿ ದೇವದುರ್ಗಕ್ಕೆ

ಬೆಳಿಗ್ಗೆ ಏಳಕ್ಕೆ ರಾಯಚೂರು ಸ್ಟೇಷನ್ನಿನಲ್ಲಿ ಇಳಿದೆ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ದೇವದುರ್ಗದ ಬಸ್ಸು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಏರು ಬಂದಾಗಲೆಲ್ಲ ನಾವು ಇಳಿದು ನಡೆದೆವು. ಮೂವತ್ತು ಚಿಲ್ಲರೆ ಮೈಲಿಗೆ ಹದಿನಾಲ್ಕು ಆಣೆ, ಐದು ತಾಸು.

ಪೂರ್ವದ ಒಂದು ಕಲ್ಲಿದ್ದಲ ಗಣಿಯಲ್ಲಿ ಮಣ್ಣು ಪರೀಕ್ಷಿಸುವುದು ನನ್ನ ಕೆಲಸ. ಗಣಿ ಅಗೆದು ಸುರಿದ ಮಣ್ಣಿನ ಗುಡ್ಡದ ಮೇಲೆ ಹುಲ್ಲೂ ಹುಟ್ಟುತ್ತಿರಲಿಲ್ಲ. ಅಲ್ಲಿ ಗಿಡ ಬೆಳೆಸಿ ನೋಡಲು ಸರ್ಕಾರ ಒಂದು ವರ್ಷಕ್ಕೆ ಹಣ ಕೊಟ್ಟಿತ್ತು. ಫಲ ಕಾಣದಿದ್ದರೆ ಪ್ರಯೋಗ ಅಲ್ಲಿಗೇ ಮುಗಿಯುತ್ತಿತ್ತು. ಒಣನೆಲದ ಬೀಜ ಬೇಕೆಂದು ಈ ಕಡೆ ಬಂದಿದ್ದೆ.

ದೇವದುರ್ಗದಲ್ಲಿ ಜಾಲಿ ಬೀಜ ಆರಿಸಿಕೊಟ್ಟವಳು ಯಲ್ಲವ್ವ. ನನಗಿಂತ ಹಿರಿಯಳು, ನಮ್ಮ ಗಣಿಯಲ್ಲೇ ಮೂರು ವರ್ಷ ಮಣ್ಣು ಹೊತ್ತು ಊರಿಗೆ ಮರಳಿದ್ದಳು. ರೊಟ್ಟಿ, ಪುಂಡಿಪಲ್ಯ ಬಡಿಸುತ್ತ ಕೇಳಿದಳು:

"ಗಿಡ ಹಚ್ತೀರಿ, ಖರೆ. ಗುಡ್ಡದಿಂದ ಹರಿಯೋ ಆ ಕೆಂಪು ಹುಳಿ ನೀರಿಗಿ ಏನ್ ಮಾಡ್ತೀರಿ? ಬೇರು ಸುಟ್ಟು ಹೋಗ್ತಾವ್ರೀ."

"ಅದಕ್ಕ ಹಣ ಕೇಳಿಲ್ಲ, ಯವ್ವಾ."

"ಗಣ್ಯಾಗ ಇದ್ದಾಗ ನಾವು ಅರಿಬಿ ಒಗಿಯೋ ಕಡಿ, ಹಳ್ಳದಾಗ ಸುಣ್ಣದ ಕಲ್ಲು ತುಂಬಿದ್ವಿ. ಕೆಳಗ ನೀರು ತಿಳಿ ಆತು, ಸೀರಿ ಪಿಸಿದು ಹರಿಯೋದು ನಿಂತಿತು. ನೀವು ದಿನಾ ಅದನ್ನ ದಾಟಿ ಹೋಗ್ತಿದ್ರಿ, ನೋಡಿಲ್ಲೇನು?"

ನೋಡಿರಲಿಲ್ಲ. ತಲೆ ತಗ್ಗಿಸಿ ಊಟ ಮುಗಿಸಿದೆ. ಗಣಿಗೆ ಬಂದು ಅದನ್ನು ಮಾಡುವ ಬಗೆ ತೋರಿಸಬೇಕೆಂದು ಕೇಳಿಕೊಂಡೆ.

"ಕೂಲಿಯಾಕಿಯಾಗಿ ಬರಂಗಿಲ್ಲ. ತೋರಿಸಾಕ ಕರದ್ರ ಬರ್ತೀನಿ," ಎಂದಳು.

ಮರುದಿನ ಮಾನ್ವಿಗೆ ಹೋಗಿ, ಅಲ್ಲಿಂದ ಚಕ್ಕಡಿಯಲ್ಲಿ ಚೀಕಲಪರ್ವಿ ತಲುಪಿದೆ. ಬಿಸಿಲಿಗೆ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ದಂಡೆಯ ಹುಲ್ಲನ್ನು ಬೇರುಸಹಿತ ಕಿತ್ತು ಒದ್ದೆ ಗೋಣಿಯಲ್ಲಿ ಕಟ್ಟಿಕೊಂಡೆ. ಆ ರಾತ್ರಿ ಮಾನ್ವಿಗೆ ಮರಳಿ ನಾನು ಇಳಿದುಕೊಂಡದ್ದು ಒಬ್ಬ ಸಾಲೆ ಮಾಸ್ತರರ ಮನೆಯಲ್ಲಿ. ಯಲ್ಲವ್ವ ಹೇಳಿದ್ದನ್ನೂ ಗಿಡಗಳ ಹಣವನ್ನು ಅದಕ್ಕೆ ಬಳಸುವ ನನ್ನ ಯೋಚನೆಯನ್ನೂ ಕೇಳಿ ಅವರು ಗಾಬರಿಯಾದರು.

"ಮಂಜೂರಾದ ಕಾಗದಾ ತಿದ್ದಲಿಕ್ಕೆ ಹೋಗಬ್ಯಾಡ್ರಿ. ಇದ್ದದ್ದೂ ಹೋದೀತು."

ಅವರ ಮಾತು ಸುಳ್ಳಲ್ಲ. ರಾಯಚೂರಿಗೆ ಬರುವ ತನಕ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಕೊನೆಗೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸರ್ಕಾರಕ್ಕೆ ಅರ್ಜಿ ಬರೆದೆ: ಗಿಡಗಳ ಹಣದಲ್ಲಿ ಅರ್ಧವನ್ನು ನೀರು ಶುದ್ಧ ಮಾಡಲು ಬಳಸಬೇಕು, ವಿಧಾನ ತೋರಿಸಲು ದೇವದುರ್ಗದ ಯಲ್ಲವ್ವನನ್ನು ಕರೆಸಬೇಕು. ಟಪಾಲು ಡಬ್ಬಿಗೆ ಹಾಕಿ ರೈಲು ಹತ್ತಿದೆ.

ಉತ್ತರಕ್ಕೆ ಎರಡು ತಿಂಗಳು ಕಾದೆ. ಹೆಚ್ಚಿನ ಪ್ರಶ್ನೆಗಳಿಲ್ಲದೆ ಒಪ್ಪಿಗೆ ಬಂತು. ಮೊದಲ ಮಳೆ ಬಿದ್ದ ವಾರ ಯಲ್ಲವ್ವ ಗಣಿಗೆ ಬಂದಿಳಿದಳು. ಕೆಂಪು ನೀರಿನ ಪಕ್ಕದಲ್ಲೇ ಸ್ವಲ್ಪ ದೂರ ನಡೆದು, ಒಂದು ಕಡೆ ನಿಂತು, "ಇಲ್ಲಿ ಅಗೀರಿ, ಸುಣ್ಣದ ಕಲ್ಲು ತುಂಬೋಣ," ಎಂದಳು.

ನಾನು ಗುದ್ದಲಿ ಎತ್ತಿಕೊಂಡೆ.