ಸಜ್ಜಿ ರೊಟ್ಟಿಯ ಮೇಲಿನ ಎಳ್ಳು

ಮೊನ್ನೆ ದಹಿಸರ್ ಸ್ಟೇಷನ್ ಹೊರಗಿನ ಅಂಗಡಿಯಿಂದ ತಂದ ಸಜ್ಜಿ ರೊಟ್ಟಿಯ ಪ್ಯಾಕೆಟ್ ಬಿಚ್ಚಿದಾಗ ಎಳ್ಳಿನ ವಾಸನೆ ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ಮೊಮ್ಮಗಳು ಲ್ಯಾಪ್‌ಟಾಪ್ ಹಿಡಿದು ಬಂದಳು. ವಿಶ್ವ ಹಿಗ್ಗುತ್ತಿದೆ ಎಂಬುದರ ಬಗ್ಗೆ ಅವಳು ಸೆಮಿನಾರ್ ಕೊಡಬೇಕಂತೆ. ನಾನು ವರ್ಷಗಟ್ಟಲೆ ಹೇಳುತ್ತ ಬಂದ ರೊಟ್ಟಿಯ ಉದಾಹರಣೆಯನ್ನು ಅದರಲ್ಲಿ ಸೇರಿಸಿ, ಕೆಳಗೆ ನನ್ನ ಹೆಸರು ಹಾಕಿದ್ದಳು. "ಅಜ್ಜಾ, ಠೀಕ್ ಹೈ ನಾ?" ಎಂದಳು. ನಾನು ಮುರಿದ ತುತ್ತನ್ನು ತಾಟಿನಲ್ಲೇ ಇಟ್ಟೆ.

ಯಾಕೆಂದು ತಿಳಿಯಬೇಕಾದರೆ ನೀವು ನನ್ನ ಜೊತೆ ಎಪ್ಪತ್ತರ ದಶಕದ ಮುಂಬಯಿಯ ಪರೇಲಿಗೆ ಬರಬೇಕು. ಆಗ ನಾನು ವಿಜ್ಞಾನ ಸಂಸ್ಥೆಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ವಿಜ್ಞಾನಿಗಳು ಗೀಚಿಕೊಟ್ಟದ್ದನ್ನು ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ ಬಡಿಯುವುದು ನನ್ನ ಕೆಲಸ. ಊಟಕ್ಕೆ ಗಂಗವ್ವನ ಖಾನಾವಳಿ. ವಿಜಾಪುರದ ಕಡೆಯ ಈ ಹೆಂಗಸು ಕೂಲಿಕಾರರ ಸಾಲುಕೋಣೆಗಳ ಚಾಳೊಂದರ ಕೆಳಗಿನ ಕೋಣೆಯಲ್ಲಿ ಬಟ್ಟೆ ಗಿರಣಿ ಕೆಲಸದ ನಮ್ಮ ಕಡೆಯವರಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ಮೊದಲ ದಿನ ಯಾರೋ ಎಲ್ಲಿ ಕೆಲಸವೆಂದು ಕೇಳಿದರು. ಸಂಸ್ಥೆಯ ಹೆಸರು ಹೇಳಿ ಸುಮ್ಮನಾದೆ. ಗಮನಿಸಿ, ನಾನು ಸುಳ್ಳು ಹೇಳಲಿಲ್ಲ, ಉಳಿದದ್ದನ್ನು ಹೇಳಲಿಲ್ಲ, ಅಷ್ಟೇ. ವಾರದೊಳಗೆ ನಾನು 'ಸೈಂಟಿಸ್ಟ್ ಸಾಹೇಬ್ರು' ಆಗಿದ್ದೆ. ಒಲೆಯಿಂದ ಇಳಿದ ಮೊದಲ ರೊಟ್ಟಿ, ಅದರ ಮೇಲೆ ಬೆಣ್ಣೆ, ನನ್ನ ತಾಟಿಗೆ ಬರತೊಡಗಿತು. ಬೆಣ್ಣೆಯ ವಿಷಯದಲ್ಲಿ ನನ್ನದು ಮೊದಲಿಂದಲೂ ಗಟ್ಟಿ ಮನಸ್ಸಲ್ಲ.

ಬೆಣ್ಣೆಯ ಋಣಕ್ಕೆ ಹಗಲು ಟೈಪ್ ಮಾಡಿದ ಸಾಲುಗಳನ್ನು ಊಟದ ಹೊತ್ತಿಗೆ ಉದುರಿಸುತ್ತಿದ್ದೆ. ಅದರ ಫಲವಾಗಿ ಚಾಳಿನ ಕನ್ನಡ ಸಂಘದವರು ಒಂದು ಭಾನುವಾರ ಬೆಳಿಗ್ಗೆ ನನ್ನ ಭಾಷಣವನ್ನೇ ಇಟ್ಟುಬಿಟ್ಟರು. ಇಸ್ತ್ರಿಯ ಅಂಗಿ ತೊಟ್ಟು ಹೋದೆ. ದೂರ ಹೋಗುವ ಲೋಕಲ್ ರೈಲಿನ ಹಾರ್ನ್ ಹೇಗೆ ದಪ್ಪಗಾಗುತ್ತದೋ ಹಾಗೆ ದೂರ ಸರಿಯುವ ಗೆಲಾಕ್ಸಿಗಳ ಬೆಳಕು ಕೆಂಪಿನತ್ತ ಜರುಗುತ್ತದೆ, ಅದರಿಂದಲೇ ಅವು ಸರಿಯುತ್ತಿವೆ ಎಂದು ತಿಳಿಯುತ್ತದೆ ಎಂದೆ. ಒಲೆ ಆರಿದ ಮೇಲೂ ಗೋಡೆ ಬೆಚ್ಚಗಿರುವಂತೆ, ವಿಶ್ವ ಹುಟ್ಟಿದಾಗಿನ ಕಾವು ಇನ್ನೂ ಎಲ್ಲ ದಿಕ್ಕಿನಿಂದ ಸಣ್ಣಗೆ ಬರುತ್ತಿದೆ, ಆಂಟೆನಾಗೆ ಅದು ಸಿಕ್ಕಿದೆ ಎಂದೆ. ಇಷ್ಟಕ್ಕೆ ಕೂತಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಮಗ್ಗದ ಖಾತೆಯ ಇಮಾಮ್‌ಸಾಬ ಎದ್ದು ಕೇಳಿದ: "ಎಲ್ಲಾ ನಮ್ಮಿಂದ ದೂರ ಹೊಂಟಾವಂದ್ರ, ನಟ್ಟನಡುವ ನಾವಾ ಅದೀವೇನ್ರಿ?"

ಅಂಥ ಪ್ರಶ್ನೆಯನ್ನು ನಾನು ಟೈಪ್ ಮಾಡಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಸೈಂಟಿಸ್ಟ್ ಎಲ್ಲಾದರೂ ಇರುತ್ತಾನೆಯೇ? (ಇರುತ್ತಾನೆ, ನಿಜವಾದವನು. ಅದು ಆಮೇಲೆ ತಿಳಿಯಿತು.) "ಹೌದು, ನಾವೇ ನಡುವೆ" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಹೀಗೆ ಪರೇಲಿನ ಒಂದು ಚಾಳು ವಿಶ್ವದ ಕೇಂದ್ರವಾಯಿತು.

ಮಾರನೆಯ ದಿನ ಭೋಗಿ. ಸಂಕ್ರಾಂತಿಯ ಮುಂಚಿನ ಆ ದಿನ ನಮ್ಮ ಕಡೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆಗಲೇಬೇಕು. ಅರ್ಧ ದಿನ ರಜೆ ಹಾಕಿ, ಗಿರಣಿಯವರು ಪಾಳಿ ಮುಗಿಸಿ ಬರುವ ಮೊದಲೇ ಹೋಗಿ ಕೂತೆ. ಗಂಗವ್ವ ಹಿಟ್ಟಿನ ಮೇಲೆ ಎಳ್ಳು ಉದುರಿಸಿ ಬಡಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ನಿನ್ನೆ ಹೇಳಿದ್ದು ನನಗ ಒಪ್ಪಲಿಲ್ಲ ನೋಡ್ರಿ ಸಾಹೇಬ್ರ. ಈ ಎಳ್ಳು ನೋಡ್ರಿ. ಬಡದಂಗ ಒಂದರಿಂದ ಒಂದು ದೂರ ಸರೀತಾವ. ಎಳ್ಳಿಗೇನು ಕಾಲು ಅದಾವ? ಹಿಟ್ಟು ಹಿಗ್ಗತೈತಿ. ಯಾವ ಎಳ್ಳಿನ ಮ್ಯಾಲ ಕುಂತು ನೋಡಿದ್ರೂ ಉಳದವೆಲ್ಲಾ ತನ್ನಿಂದಾನ ದೂರ ಹೊಂಟಂಗ ಕಾಣತೈತಿ. ಹಂಗಾದ್ರ ನಡುವಿಂದು ಯಾವುದು?"

ನಾಲ್ಕು ಪ್ರತಿ ಬಡಿದರೂ ತಲೆಗೆ ಹೋಗದ್ದು ಅವಳ ಕೈಬಡಿತಕ್ಕೆ ಹೋಯಿತು. ನಾಚಿಕೆಯಾಯಿತು, ಜೊತೆಗೆ ಹೇಳಲಾಗದ ಸಂತೋಷವೂ ಆಯಿತು. "ಗಂಗವ್ವಾ, ನಾ ಸೈಂಟಿಸ್ಟ್ ಅಲ್ಲ. ಟೈಪ್ ಹೊಡಿಯಾಂವ" ಎಂದುಬಿಟ್ಟೆ.

"ಗೊತ್ತೈತಿ ತಮ್ಮಾ" ಎಂದಳು. "ನಿನ್ನ ಬೆರಳಿಗೆ ಕಾರ್ಬನ್ ಮಸಿ ಹತ್ತಿರತೈತಿ. ಬಂದ ದಿನಾನ ರೊಟ್ಟಿ ಮ್ಯಾಲ ಗುರುತು ಬಿದ್ದಿತ್ತು."

"ಮತ್ತ ಬೆಣ್ಣಿ?"

"ದಿನಾ ಮಗ್ಗದ ಗದ್ದಲದಾಗ ನಿಂತು ಬರೋ ಮಂದಿ. ನೀ ಚಿಕ್ಕಿ-ಚಂದ್ರಾಮನ ಮಾತು ತಗದ್ರ ಊಟ ಮುಗದ್ರೂ ಏಳತಿರಲಿಲ್ಲ. ಅದಕ್ಕ ಹಾಕತಿದ್ನಿ. ಆದ್ರ ನಿನ್ನೆ ತಪ್ಪು ಹೇಳೀದಿ. ಇವರು ಊರಿಗೆ ಹೋಗಿ ಅದನ್ನಾ ಹೇಳತಾರ. ನೀ ಯಾರರೆ ಆಗಿರು, ಇವತ್ತು ಸರಿ ಮಾಡು."

ಟೈಪಿಸ್ಟ್ ಎಂದು ಗೊತ್ತಾದರೆ ಆ ಪಂಕ್ತಿಯಲ್ಲಿ ಮುಖ ಎತ್ತುವುದು ಹೇಗೆಂಬ ಚಿಂತೆ ಹತ್ತಿತು. ಆದರೂ ಎಲ್ಲರೂ ತಾಟಿಗೆ ಕೂತಾಗ ಎದ್ದು ನಿಂತೆ. ರೊಟ್ಟಿ ಎತ್ತಿ ಹಿಡಿದು, ನಡುವೆ ಯಾರೂ ಇಲ್ಲವೆಂದೂ ನಾನು ಸೈಂಟಿಸ್ಟ್ ಅಲ್ಲವೆಂದೂ ಒಂದೇ ಉಸಿರಿಗೆ ಹೇಳಿದೆ. ಇಮಾಮ್‌ಸಾಬ ಅಗಿಯುವುದು ನಿಲ್ಲಿಸಿ ಕೇಳಿದ: "ರೊಟ್ಟಿಗೆ ಅಂಚೈತ್ರಿ. ನಿಮ್ಮ ವಿಶ್ವಕ್ಕ ಐತೇನು?"

"ಗೊತ್ತಿಲ್ಲ" ಎಂದೆ. ಜೀವನದಲ್ಲಿ ನಾನು ಆಡಿದ ಮೊದಲ ವೈಜ್ಞಾನಿಕ ಮಾತು ಅದೇ ಇರಬೇಕು.

"ಹಂಗಾದ್ರ ಕೇಳಕೊಂಡು ಬರ್ರಿ" ಎಂದು ಅವನು ಮತ್ತೆ ಅಗಿಯತೊಡಗಿದ. ಅಂದಿನಿಂದ ಬೆಣ್ಣೆ ಸರದಿಯ ಪ್ರಕಾರ ಬಂತು. ನನ್ನ ಸರದಿ ಬರುವಷ್ಟರಲ್ಲಿ ಹೆಚ್ಚಾಗಿ ಮುಗಿದಿರುತ್ತಿತ್ತು.

ಇಷ್ಟೆಲ್ಲ ಪಾಠವಾದ ಮೇಲೆ ನಾನು ಸುಧಾರಿಸಿದೆ ಎಂದುಕೊಂಡಿರಾ? ಖಾನಾವಳಿ ಮುಚ್ಚಿ ಗಂಗವ್ವ ಊರಿಗೆ ಹೋದಳು. ನಾನು ರೊಟ್ಟಿಯ ಉದಾಹರಣೆಯನ್ನು ಮದುವೆ ಮನೆಗಳಲ್ಲಿ, ಬಿಲ್ಡಿಂಗಿನ ಸಭೆಗಳಲ್ಲಿ, ಸ್ವಂತ ಮನೆಯಲ್ಲಿ ಹೇಳಿ ಮೆಚ್ಚುಗೆ ಗಿಟ್ಟಿಸಿದೆ. ಯಾರದೆಂದು ಕೇಳಿದವರಿಲ್ಲ. ನಾನೂ, ಅದೇ ಹಳೆಯ ಚಾಳಿ, ಉಳಿದದ್ದನ್ನು ಹೇಳಲಿಲ್ಲ.

ಮೊಮ್ಮಗಳು ಇನ್ನೂ ಕಾಯುತ್ತಿದ್ದಳು. "ನನ್ನ ಹೆಸರು ತೆಗೆ" ಎಂದೆ. "ಗಂಗವ್ವ ಅಂತ ಬರಿ. ಪರೇಲ್."

ಅವಳು ಟೈಪ್ ಮಾಡಿದಳು. ಎರಡೇ ಬೆರಳಿನಲ್ಲಿ, ಅಷ್ಟೇನೂ ಚೆನ್ನಾಗಿಲ್ಲ. "ಗಂಗವ್ವ ಕೌನ್ ಅಜ್ಜಾ? ಸೈಂಟಿಸ್ಟ್ ಇದ್ರಾ?"

"ಹೌದು" ಎಂದೆ, ಮತ್ತು ಉಳಿದದ್ದನ್ನು ಹೇಳಲು ಕೂತೆ.