ಹುಣಸೆಯ ಕೆಳಗಿನ ಅರಿಶಿಣ

ಸಂಕ್ರಾಂತಿ ಹತ್ತಿರ ಬಂದರೆ ಮುದ್ದೇಬಿಹಾಳದ ಸಂತೆಗೆ ಹಸಿ ಅರಿಶಿಣ ಬರುತ್ತದೆ, ಎಲೆ ಸಮೇತ, ಮಣ್ಣು ಸಮೇತ. ಆ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ಸಿಟ್ಟು ಬರುತ್ತದೆ. ಮೊನ್ನೆಯೂ ಬಂತು. ಮಾರುವ ಹೆಣ್ಣುಮಗಳು "ಎಷ್ಟ ಕಟ್ಟಲಿರೀ?" ಎಂದು ಕೇಳಿದ್ದಕ್ಕೆ "ತಡಿಯವ್ವಾ!" ಎಂದು ಅವಳ ಮೇಲೆಯೇ ಹರಿಹಾಯ್ದೆ. ಪಾಪ, ಅವಳ ತಪ್ಪೇನಿತ್ತು?

ತಪ್ಪು ಎಪ್ಪತ್ತರ ದಶಕದ್ದು. ಸಿಂದಗಿ ತಾಲ್ಲೂಕಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಆಗಷ್ಟೇ ಶಿಕ್ಷಕಿಯಾಗಿ ಹೋಗಿದ್ದೆ. ಊರಿನ ಹೆಸರು ಬೇಡ. ಅಂಗಳದ ನಡುವೆ ಒಂದು ಹುಣಸೆ ಮರ. ಬಿರುಬೇಸಿಗೆಯಲ್ಲೂ ಅದರ ಹಸಿರು ಹೋಗುತ್ತಿರಲಿಲ್ಲ. ಕೆಳಗೆ ಮಾತ್ರ ಬೋಳು ನೆಲ. ಹುಣಸೆಯ ಕೆಳಗೆ ಹುಲ್ಲೂ ಹುಟ್ಟುವುದಿಲ್ಲ, ದೆವ್ವವೊಂದೇ ವಾಸ ಮಾಡುತ್ತದೆ ಎಂದು ಊರೆಲ್ಲ ನಂಬಿತ್ತು. ನಾನು ಓದಿದವಳಲ್ಲವೇ, ದೆವ್ವವನ್ನು ಬಿಟ್ಟು ಉಳಿದದ್ದನ್ನು ನಂಬಿದ್ದೆ.

ನಂಬದವಳು ಕಾಸಿಂಬಿ ಒಬ್ಬಳೇ. ಶಾಲೆಗೆ ನೀರು ತುಂಬುವುದು, ಕಸ ಗುಡಿಸುವುದು ಅವಳ ಕೆಲಸ. ಅದೂ ಕಾಯಂ ಆಗಿರಲಿಲ್ಲ. "ಹುಣಸಿ ಬುಡಕ ತ್ವಾಟ ಮಾಡಿ ತೋರಸು, ಸಾಹೇಬ್ರು ಬಂದಾಗ ನಿನ್ನ ಕಾಯಂ ಮಾಡಾಕ ಹೇಳ್ತೇನಿ" ಎಂದು ಹೆಡ್ ಮಾಸ್ತರರು ಒಮ್ಮೆ ನಗುತ್ತ ಅಂದಿದ್ದರಂತೆ. ದೊಡ್ಡವರು ನಕ್ಕು ಆಡಿದ ಮಾತನ್ನು ಬಡವರು ನಂಬಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಚೆಂಡು ಹೂ ಹಾಕಿದಳು. ನರಪೇತಲವಾಗಿ ಉದ್ದ ಬೆಳೆದು ಮೊಗ್ಗು ಬಿಡದೆ ಬಿದ್ದವು. ಬದನೆ ಹಾಕಿದಳು, ಅದೂ ಹೋಯಿತು. ಆಗ ನಾನು ಪಠ್ಯಪುಸ್ತಕ ಹಿಡಿದುಕೊಂಡು ಹೋಗಿ, ಸಸ್ಯಗಳಿಗೆ ಬಿಸಿಲು ಬೇಕೇ ಬೇಕು ಎಂದು ಅವಳಿಗೂ ಪಾಠ ಮಾಡಿದೆ! ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

"ಎಲ್ಲಾರಿಗೂ ಅಷ್ಟ ಬಿಸಲ ಬೇಕಂತ ಯಾರ ಹೇಳ್ಯಾರ್ರೀ ಅಕ್ಕೋರ? ನೆಳ್ಳಾಗ ಬದುಕೂ ಮಂದೀನೂ ಇರ್ತಾರ."

ನೆರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಹರಳುಕಲ್ಲು ಇಟ್ಟು ಗುರುತು ಮಾಡಿದಳು. ಹುಣಸೆಯ ಬೇರಿಗೆ ಗುದ್ದಲಿ ತಾಗಿಸಲಿಲ್ಲ. ಬೇರುಗಳ ಸಂದಿಯಲ್ಲಿ ಬುಟ್ಟಿಗಟ್ಟಲೆ ತಿಪ್ಪೆಗೊಬ್ಬರ ಸುರಿದು ಅದರಲ್ಲಿ ನೆಟ್ಟಳು. ದೇವರ ಹಿಪ್ಪರಗಿಯ ಸಂತೆಯಿಂದ ಅರಿಶಿಣದ ಗಡ್ಡೆ, ಯಂಕಂಚಿಯಲ್ಲಿದ್ದ ತಂಗಿಯ ಮನೆಯ ಬಾವಿಯಂಚಿನಿಂದ ಕೆಸು, ಯಾರದೋ ಹಿತ್ತಲಿನಿಂದ ದೊಡ್ಡಪತ್ರೆಯ ಟೊಂಗೆ. ದಟ್ಟ ನೆರಳಿಗೆ ಕೆಸು, ಮುಂಜಾನೆ ಒಂದಿಷ್ಟು ಬಿಸಿಲು ಬೀಳುವಲ್ಲಿ ಅರಿಶಿಣ, ಅಂಚಿಗೆ ದೊಡ್ಡಪತ್ರೆ. ಹುಡುಗಿಯರು ಕೈ ತೊಳೆದ ನೀರೆಲ್ಲ ಅಲ್ಲಿಗೇ. ಮೇಲಿಂದ ಉದುರುವ ಹುಣಸೆ ಎಲೆಯನ್ನು ದಿನಾ ಕೈಯಿಂದ ಬಳಿದು ತೆಗೆಯುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಬೋಳು ನೆಲ ಮೊಣಕಾಲೆತ್ತರ ಹಸಿರಾಯಿತು. ನನಗೆ ನೆಗಡಿಯಾದಾಗ ಅಲ್ಲಿಯ ದೊಡ್ಡಪತ್ರೆಯ ಕಷಾಯವನ್ನೇ ಕುಡಿದಿದ್ದೇನೆ.

ದಸರೆ ಮುಗಿದು ಶೀಗಿ ಹುಣ್ಣಿಮೆ ಹೊತ್ತಿಗೆ, ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಹೆಡ್ ಮಾಸ್ತರರು ವಿಜಾಪುರದಿಂದ ಎಂಟು ಗುಲಾಬಿ ಸಸಿ ತರಿಸಿದರು.

"ಇದನ್ನೆಲ್ಲಾ ಕಿತ್ತ ಹಾಕಸ್ರಿ ಅಕ್ಕೋರ. ಅಡಗಿ ಮನಿ ಕಸ ಇದು. ತ್ವಾಟ ಅಂದ್ರ ಗುಲಾಬಿ ಇರಬೇಕ್ರಿ."

ಅದು ಕಸವಲ್ಲವೆಂದು ನನಗೆ ಗೊತ್ತಿತ್ತು. ಎದುರಾಡಿದರೆ ದೂರದ ಊರಿಗೆ ವರ್ಗ ಮಾಡಿಸುತ್ತಾರೆಂಬ ಅಂಜಿಕೆ ಬೇರೆ ಇತ್ತು. ಕಾಸಿಂಬಿ ನೀರಿಗೆ ಹೋದ ಹೊತ್ತು ನೋಡಿ, ಐದನೆಯ ಇಯತ್ತೆಯ ಹುಡುಗಿಯರನ್ನು ಕರೆದು "ಕೀಳ್ರಿ" ಎಂದೆ. ಅರ್ಧ ತಾಸೂ ಹಿಡಿಯಲಿಲ್ಲ. ಅರಿಶಿಣ ಇನ್ನೂ ಬಲಿತಿರಲಿಲ್ಲ. ಎಳೆಯ ಗಡ್ಡೆ ಮುರಿದ ವಾಸನೆ ಅಂಗಳ ತುಂಬಿತು, ಹುಡುಗಿಯರ ಕೈಯೆಲ್ಲ ಹಳದಿಯಾಯಿತು. ತಿರುಗಿ ಬಂದ ಕಾಸಿಂಬಿ ತಲೆಯ ಮೇಲಿನ ಕೊಡ ಇಳಿಸದೆ ನಿಂತೇ ಇದ್ದಳು.

ಗುಲಾಬಿಗೆ ಆ ನೆರಳು ಒಗ್ಗಲಿಲ್ಲ, ಸಸಿಗಳು ಎಲೆ ಉದುರಿಸಿಕೊಂಡವು. ತಿಂಗಳ ಮೇಲೆ ಬಂದ ಸಾಹೇಬರು ಎಂಟು ಕಡ್ಡಿಗಳನ್ನು ನೋಡಿ ಕೇಳಿದರು: "ಹುಣಸಿ ಬುಡಕ ಏನೂ ಬೆಳಿಯೂದಿಲ್ಲ, ಅಲ್ರೀ?"

"ಏನೂ ಬೆಳಿಯೂದಿಲ್ರೀ ಸಾಹೇಬ್ರ" ಎಂದರು ಹೆಡ್ ಮಾಸ್ತರರು. ನಾಚಿಕೆಗೆಟ್ಟ ಮನುಷ್ಯ! ಚಹಾದ ತಾಟು ಹಿಡಿದುಕೊಂಡು ಕಾಸಿಂಬಿ ಅಲ್ಲೇ ನಿಂತಿದ್ದಳು. ಸಾಹೇಬರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಕಾಯಂ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಸಂಜೆ ಚಹಾದ ಕಪ್ಪು ತೊಳೆಯುತ್ತ ಕಾಸಿಂಬಿ ಒಂದೇ ಮಾತು ಅಂದಳು: "ನಿಮಗ ಗೊತ್ತಿತ್ತಲ್ರೀ, ಅಕ್ಕೋರ." ಮರುದಿನದಿಂದ ಅವಳು ಬರಲಿಲ್ಲ. ನಾನು ಹುಡುಕಿಕೊಂಡೂ ಹೋಗಲಿಲ್ಲ. ಹೆಡ್ ಮಾಸ್ತರರನ್ನು ಮಾತ್ರ ಇಷ್ಟು ವರ್ಷ ಮನಸಾರೆ ಬೈದಿದ್ದೇನೆ. ಅವರು ಹೇಳಿದ್ದು ಒಂದು ಸುಳ್ಳು. ಅದಕ್ಕೆ ಸಾಕ್ಷಿ ನಿಂತವಳನ್ನು ಬೈಯುವವರು ಯಾರು?

ಹೋದ ವಾರ ನಮ್ಮ ಓಣಿಯವರು ಸಭೆ ಮಾಡಿದರು. ಓಣಿಯ ಹುಣಸೆ ಮರದ ಕೆಳಗೆ ಹೇಗೂ ಏನೂ ಬೆಳೆಯದು, ಫರ್ಶಿಕಲ್ಲು ಹಾಸಿಬಿಡೋಣ ಎಂದರು. ನಾನೂ ಹೋಗಿದ್ದೆ. ನಗಬೇಡಿ, ಚಹಾ ಕುಡಿದು, ತಲೆಯಾಡಿಸಿ ಮನೆಗೆ ಬಂದಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು!

ಸಂತೆಯಲ್ಲಿ ಅರಿಶಿಣದ ಗಡ್ಡೆ ಕೈಯಲ್ಲಿ ಹಿಡಿದಾಗ ಆ ತಲೆಯಾಡಿಸಿದ್ದು ನೆನಪಾಯಿತು. ನಾನು "ತಡಿಯವ್ವಾ" ಎಂದು ಅರಚಿದ್ದು ಆಗಲೇ. ಆಮೇಲೆ ಎರಡು ಕಿಲೋ ಕಟ್ಟಿಸಿಕೊಂಡು, ಆಟೋ ಹತ್ತಿ, ಸಭೆ ಕರೆದ ಹಿರಿಯರ ಮನೆಗೇ ಹೋದೆ. ಅವರ ಕಟ್ಟೆಯ ಮೇಲೆ ಚೀಲ ಸುರಿದೆ.

"ಹುಣಸಿ ಬುಡಕ ಫರ್ಶಿ ಹಾಸಬ್ಯಾಡ್ರಿ. ಅಲ್ಲಿ ಅರಿಶಿಣ ಬೆಳಿತೈತಿ."

"ನಿಮಗ ಹ್ಯಾಂಗ ಗೊತ್ರೀ ಅಕ್ಕೋರ?" ಎಂದರು ಅವರು, ನಗುತ್ತ.

"ಬೆಳೆದದ್ದನ್ನ ನಾನ ಕಿತ್ತ ಹಾಕಿಸೇನ್ರಿ" ಎಂದೆ.