ಒಪ್ಪಕ್ಕ ಹೇಳಿದ ಸುಳ್ಳು

ಬಟ್ಟೆ ಮಡಿಸುವಾಗ ಒಪ್ಪಕ್ಕ ಮಾತಾಡುತ್ತಿರಲಿಲ್ಲ. ತೋಳುಗಳನ್ನು ಹಿಂದಕ್ಕೆ ತಿರುಗಿಸಿ, ಕಾಲರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಅಂಗಿಯನ್ನು ಗುಡ್ಡೆಯ ಮೇಲೆ ಇಟ್ಟ ಮೇಲೆಯೇ ಎದುರಿಗೆ ನಿಂತವರಿಗೆ ಉತ್ತರ. ಸಮುದ್ರಕ್ಕೆ ಬೆನ್ನು ಹಾಕಿದ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಯೇ ಅವಳ ಇಸ್ತ್ರಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಇಸ್ತ್ರಿ ಪೆಟ್ಟಿಗೆಯ ಬಿಸಿಯಲ್ಲೇ ಅವಳ ಮತ್ತು ಅತ್ತೆಯ ಅನ್ನ ಬೇಯುತ್ತಿತ್ತು. ಮುಟ್ಟಿದ್ದನ್ನೆಲ್ಲ ಒಪ್ಪವಾಗಿ ಇಡುತ್ತಾಳೆಂದು ಬೀದಿಯವರು ಇಟ್ಟ ಹೆಸರು ಒಪ್ಪಕ್ಕ. ಅತ್ತೆ ಮಾತ್ರ, "ಇವಳು ಸತ್ತರೆ ತನ್ನ ಹೆಣಾನ ತಾನೇ ಮಡಿಸಿಟ್ಟು ಹೋಗ್ತಾಳೆ" ಎನ್ನುತ್ತಿದ್ದಳು.

ಚಂಡಮಾರುತ ಬಂದಾಗ ಬೀದಿಯವರೆಲ್ಲ ಶಾಲೆಯ ಮಹಡಿಯಲ್ಲಿದ್ದರು. ಗಾಳಿ ನಿಂತು, ನೀರು ಇಳಿದು, ಕೆಳಗೆ ಬಂದು ನೋಡಿದರೆ ಬೀದಿ ಬೀದಿಯಾಗಿ ಉಳಿದಿರಲಿಲ್ಲ. ಯಾರದೋ ಬಾಗಿಲು ಯಾರದೋ ಮನೆಯ ಮುಂದೆ ಬಿದ್ದಿತ್ತು. ಎದುರುಮನೆಯ ಹಾಲಿನವಳ ಕೊಟ್ಟಿಗೆಯಿದ್ದ ಜಾಗದಲ್ಲಿ ಒಂದು ದೋಣಿ ಮಲಗಿತ್ತು. ಹಸುಗಳು ಎಲ್ಲಿ ಎಂದು ಅವಳನ್ನು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಒಪ್ಪಕ್ಕನ ಮನೆಯ ಮಾಡಿನ ತಗಡುಗಳು ಅರ್ಧಕ್ಕರ್ಧ ಹಾರಿಹೋಗಿದ್ದವು. ಹಿಂದಿನ ಗೋಡೆ ಪೂರ್ತಿ ಕುಸಿದು, ಒಳಗೆ ನಿಂತರೆ ಸಮುದ್ರ ಕಾಣುತ್ತಿತ್ತು. ಉಳಿದ ಗೋಡೆಗಳ ಮೇಲೆ ಅವಳ ಕತ್ತಿನ ಎತ್ತರಕ್ಕೆ ಕೆಸರಿನ ಗೆರೆ.

ವಾರ್ಡಿನ ಮೆಂಬರು ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡು ಬಂದು ಬೀದಿಯವರನ್ನು ಸೇರಿಸಿದ.

"ಸರ್ವೆಯವರು ಬರೋವರೆಗೂ ಒಂದು ಕಡ್ಡೀನೂ ಅಲ್ಲಾಡಿಸ್ಬೇಡಿ. ಬಿದ್ದಿದ್ದು ಬಿದ್ದ ಹಾಗೇ ಇರ್ಲಿ. ಗೋಡೆ ಮೇಲಿನ ಗೆರೆ ಅಳೆದು ಪರಿಹಾರ ಬರೀತಾರೆ. ಗೆರೆ ಇದ್ರೆ ಮನೆ, ಇಲ್ದಿದ್ರೆ ಇಲ್ಲ. ಮೇಲಿರೋದು ನಮ್ಮ ಪಕ್ಷ ಅಲ್ಲ, ಗೊತ್ತಲ್ಲ? ಒಂದು ನೆಪ ಸಿಕ್ಕಿದ್ರೆ ಸಾಕು, ಕೈ ಎತ್ತಿಬಿಡ್ತಾರೆ."

ಬೀದಿ ಕಾಯುತ್ತ ಕೂತಿತು. ಸರ್ವೆಯವರು ಬರಲಿಲ್ಲ. ಕೆಸರು ನಾರತೊಡಗಿತು. ಕೊಲ್ಲಿ ದೇಶದಲ್ಲಿ ಗಾರೆ ಕೆಲಸ ಮಾಡಿ ಬಂದಿದ್ದ ಪಕ್ಕದ ಮನೆಯ ಕೊಲ್ಲಿಯವನು ತನ್ನ ಗೆರೆ ತೀರ ಕೆಳಗಾಯಿತೆಂದು ಬಕೆಟ್ಟಿನಲ್ಲಿ ಕೆಸರು ತಂದು ತನ್ನ ತಲೆಗಿಂತ ಮೇಲೆ ಇನ್ನೊಂದು ಗೆರೆ ಎಳೆದ. "ಆ ಲೆಕ್ಕಕ್ಕೆ ನೀನು ಮುಳುಗಿ ಸತ್ತಿದ್ದೀಯ ಕಣೋ, ಹೋಗಿ ಮಲಕ್ಕೋ" ಎಂದಳು ಅತ್ತೆ. ಚಂಡಮಾರುತದ ಆಮೇಲೆ ಆ ಬೀದಿ ನಕ್ಕದ್ದು ಅದೇ ಮೊದಲು.

ಒಪ್ಪಕ್ಕನ ಕೈಗಳಿಗೆ ಕೂರುವುದು ಬರಲಿಲ್ಲ. ಮೊದಲು ಪೆಟ್ಟಿಗೆಯೊಳಗಿನ ಮರಳು ತೆಗೆದಳು. ಆಮೇಲೆ ಮೇಜು ಒರೆಸಿದಳು. ಮೇಜು ಒರೆಸಿದ ಮೇಲೆ ನೆಲ ಕಣ್ಣಿಗೆ ಚುಚ್ಚಿತು. ನೆಲ ತೊಳೆದ ಮೇಲೆ ಗೋಡೆ. ತೆಂಗಿನ ನಾರು ಹಿಡಿದು ಗೆರೆಯನ್ನು ತಿಕ್ಕುತ್ತಿರುವಾಗ ಹಾಲಿನವಳು ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾ, ಏನು ಮಾಡ್ತಿದ್ದೀಯ? ತಲೆ ನೆಟ್ಟಗಿದ್ಯಾ ನಿಂಗೆ?"

"ಮಲಗಿದ್ರೆ ಅದೇ ಕಾಣುತ್ತೆ ಕಣೆ. ನೀರು ಇನ್ನೂ ಒಳಗೇ ನಿಂತಿದೆ ಅನ್ಸುತ್ತೆ."

"ಕಣ್ಣು ಮುಚ್ಕೊಂಡು ಮಲಗು. ಯಾರು ಬೇಡ ಅಂದ್ರು?"

ಒಪ್ಪಕ್ಕ ತಿಕ್ಕುತ್ತಲೇ ಇದ್ದಳು. ಉಳಿದಿದ್ದ ಸುಣ್ಣವನ್ನೂ ಬಳಿದಳು. ಯಾರದೋ ಹಳೆಯ ತಗಡು ಹುಡುಕಿ ತಂದು, ತಂತಿ ಬಿಗಿದು, ಮೇಲೆ ಕಲ್ಲು ಹೇರಿದಳು. ಗೋಡೆಯಿಲ್ಲದ ಕಡೆಗೆ ತನ್ನ ಮದುವೆಯ ಬಿಳಿ ಹೊದಿಕೆಗಳನ್ನು ಒಗೆದು, ಇಸ್ತ್ರಿ ಮಾಡಿ, ಅಂಚಿಗೆ ಅಂಚು ಸೇರಿಸಿ ತೂಗುಬಿಟ್ಟಳು. ಬೀದಿಯ ತುಂಬ ಕೆಸರು, ನಡುವೆ ಆ ಒಂದು ಮನೆ ಮಡಿಸಿಟ್ಟ ಅಂಗಿಯ ಹಾಗೆ.

ಸರ್ವೆಯವರಿಗಿಂತ ಮೊದಲು ಬಂದದ್ದು ಮಂತ್ರಿ.

ಕುಸಿದ ಮನೆಗಳನ್ನು ತೋರಿಸಬೇಕೆಂದು ಮೆಂಬರು ದಾರಿಗೆ ಅಡ್ಡ ನಿಂತಿದ್ದ. ಮಂತ್ರಿಯ ಕಡೆಯವರು ಅವನನ್ನು ಭುಜದಿಂದ ಪಕ್ಕಕ್ಕೆ ಸರಿಸಿದರು. ಬೂಟು ಹೂತುಹೋಗದ ಜಾಗ ಬೀದಿಯಲ್ಲಿ ಒಂದೇ ಇತ್ತು. ಹೀಗೆ ಮಂತ್ರಿ, ಹಿಂದೆ ಕ್ಯಾಮೆರಾಗಳು, ಅವುಗಳ ಹಿಂದೆ ಯಾರು ಯಾರೋ ಇಸ್ತ್ರಿ ಅಂಗಡಿಯೊಳಗೆ ನುಗ್ಗಿದರು. ಒಪ್ಪಕ್ಕ ಗಾಬರಿಯಲ್ಲಿ ಮೇಜಿನ ಮೇಲಿನ ಬಟ್ಟೆಯನ್ನು ಇನ್ನೊಮ್ಮೆ ಸರಿಮಾಡಿದಳು.

"ವಾಹ್" ಎಂದ ಮಂತ್ರಿ, ಬಿಳಿ ಹೊದಿಕೆಗಳನ್ನು ನೋಡಿ. "ಏನಮ್ಮ, ಎಲ್ಲಾ ಸರಿ ಆಯ್ತಾ? ನಮ್ಮ ಸರ್ಕಾರದವರು ಬಂದ್ರಾ? ಎಲ್ಲಾ ತಲುಪ್ತಾ?"

ಆಗಲೇ ಗಾಳಿ ಬೀಸಿತು. ಹೊದಿಕೆಯ ಒಂದು ಮೂಲೆ ಮೇಲೆದ್ದಿತು, ಆಚೆಗೆ ಸಮುದ್ರ ಕಂಡಿತು. ಮಂತ್ರಿಯ ಪಕ್ಕದಲ್ಲಿದ್ದ ಕನ್ನಡಕದವನೂ ಅದನ್ನು ಕಂಡ. ಅವನು ಮೆಲ್ಲಗೆ ಹಿಂದಕ್ಕೆ ಸರಿದು, ಆ ಮೂಲೆಯನ್ನು ಬೆನ್ನ ಹಿಂದೆ ಎರಡು ಬೆರಳಲ್ಲಿ ಹಿಡಿದು ಗೋಡೆಗೆ ಒರಗಿದವನಂತೆ ನಿಂತ. ಒರಗಲು ಅಲ್ಲಿ ಗೋಡೆಯೇ ಇರಲಿಲ್ಲ.

ಬದಿಯಲ್ಲಿ ನಿಂತಿದ್ದ ಒಪ್ಪಕ್ಕನ ಕಣ್ಣು ಆ ಎರಡು ಬೆರಳುಗಳಿಂದ ಕದಲಲಿಲ್ಲ. ಅವನ್ನೇ ನೋಡುತ್ತ ಹೇಳಿದಳು: "ಒಪ್ಪ ಮಾಡ್ಕೊಂಡ್ವಿ ಸಾರ್. ಎಲ್ಲಾ ನಾವೇ. ಇಲ್ಲೀವರೆಗೂ ಯಾರೂ ಬಂದಿಲ್ಲ."

ಎರಡನೆಯ ಮಾತು ಬರುವ ಹೊತ್ತಿಗೆ ಚಪ್ಪಾಳೆ ಶುರುವಾಗಿತ್ತು.

ಸಂಜೆ ಶಾಲೆಯಲ್ಲಿ ಯಾರದೋ ಫೋನಿನ ಸುತ್ತ ಬೀದಿಯೆಲ್ಲ ಬಗ್ಗಿ ನಿಂತಿತ್ತು. ಪರದೆಯ ಮೇಲೆ ಒಪ್ಪಕ್ಕನ ಮುಖ, ಹಿಂದೆ ಬಿಳಿ ಹೊದಿಕೆ, ಕೆಳಗೆ ದಪ್ಪ ಅಕ್ಷರ: ಪರಿಹಾರ ತಲುಪಿದೆ — ಒಪ್ಪಿಕೊಂಡ ಸಂತ್ರಸ್ತೆ. ಅವಳ ದನಿ "ಒಪ್ಪ ಮಾಡ್ಕೊಂಡ್ವಿ ಸಾರ್, ಎಲ್ಲಾ" ಎಂಬಲ್ಲಿಗೆ ತುಂಡಾಗುತ್ತಿತ್ತು. ಮುಂದಿನದನ್ನು ಮಂತ್ರಿಯೇ ಹೇಳುತ್ತಿದ್ದ: "ಕೇಳಿದ್ರಲ್ಲ, ಎಲ್ಲಾ ಒಪ್ಕೊಂಡ್ವಿ ಅಂತಿದ್ದಾರೆ. ವಿರೋಧಿಗಳು ಇನ್ನಾದ್ರೂ ಒಪ್ಕೊಳ್ಳಲಿ."

ಒಪ್ಪಕ್ಕ ಅದನ್ನು ಮತ್ತೆ ಹಾಕಿಸಿದಳು. ಮತ್ತೆ. ತನ್ನ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಆಡಿದ ಮಾತು ಕೇಳಿಸುತ್ತಿರಲಿಲ್ಲ.

"ಮುಂದೆ ಇನ್ನೂ ಇದೆ" ಎಂದಳು. "ಮುಂದಕ್ಕೆ ಹಾಕಿ."

"ಇರೋದೇ ಇಷ್ಟು" ಎಂದ ಫೋನಿನವನು, ಅವಳ ಮುಖ ನೋಡದೆ.

ಸರ್ವೆಯವರು ಪಕ್ಕದ ಬೀದಿಯವರೆಗೆ ಬಂದು ಹಿಂದಿರುಗಿದರು. ಈ ಬೀದಿ ಸರಿಹೋಗಿದೆಯಂತೆ, ಇಲ್ಲಿನವರೇ ಹೇಳಿದ್ದಾರಂತೆ. ಮೆಂಬರು ಒಪ್ಪಕ್ಕನ ಬಾಗಿಲಿಗೆ ಬಂದು, "ಎಷ್ಟಕ್ಕಮ್ಮ ಮಾತಾಡ್ಕೊಂಡೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿ ಹೋದ. ಹಾಲಿನವಳು ದೋಣಿಯ ನೆರಳಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡಿದ್ದಳು. ಒಪ್ಪಕ್ಕ ಹತ್ತಿರ ಹೋದರೆ ಮುಖ ತಿರುಗಿಸಿದಳು.

"ನಿನ್ನ ಮನೆ ಚೆಂದ ಕಾಣ್ಲಿ ಅಂತ ನಮ್ಮ ಮನೆ ನುಂಗಿಬಿಟ್ಯಲ್ಲಕ್ಕ. ಸುಳ್ಳಿ."

ಅತ್ತೆ ಒಳಗಿನಿಂದ ಕೂಗಿದಳು: "ಹೋಗೇ, ಅವಳಿಗೆ ಸುಳ್ಳು ಹೇಳೋಕೆ ಬಂದಿದ್ರೆ ನಾವು ಹೀಗ್ಯಾಕೆ ಇರ್ತಿದ್ವಿ!"

ಮಾರನೆಯ ಬೆಳಿಗ್ಗೆ ಒಪ್ಪಕ್ಕ ಪರಿಹಾರದ ಕಚೇರಿಗೆ ಹೋದಳು. ಅಧಿಕಾರಿ ಒಳ್ಳೆಯವನೇ, ಕೂರಲು ಹೇಳಿದ, ನೀರು ತರಿಸಿದ. ಅವಳು ಎಲ್ಲವನ್ನೂ ಹೇಳಿದಳು. ಒಪ್ಪ ಮಾಡುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ ಎಂದಳು. ಕನ್ನಡಕದವನ ಎರಡು ಬೆರಳುಗಳನ್ನೂ ಹೇಳಿದಳು. ಅಧಿಕಾರಿ ಕೇಳುತ್ತ ಕೇಳುತ್ತ ಎದ್ದು ಬಾಗಿಲು ಮುಂದೆ ಮಾಡಿ ಬಂದ.

"ಅಮ್ಮ, ನಂಗೆ ಅರ್ಥ ಆಯ್ತು. ಆದ್ರೆ ತಪ್ಪಾಗಿ ಕೇಳಿಸ್ಕೊಂಡ್ರು ಅಂತ ನಾನು ಬರೆಯೋಕಾಗಲ್ಲ. ಕೇಳಿಸ್ಕೊಂಡಿದ್ದು ಯಾರು? ಮಂತ್ರಿ ಸಾಹೇಬ್ರು."

"ಮತ್ತೆ?"

ಅವನು ಪೆನ್ನಿನ ಮುಚ್ಚಳ ತಿರುಗಿಸಿದ. "ನೀವು ಸುಳ್ಳು ಹೇಳಿದ್ರಿ ಅಂದ್ರೆ ಆಗುತ್ತೆ. ಒಬ್ಬ ಹೆಂಗಸು ಸಾಹೇಬ್ರಿಗೆ ಸುಳ್ಳು ಮಾಹಿತಿ ಕೊಟ್ಲು, ಬೀದಿಯವರು ಬಂದು ನಿಜ ಹೇಳಿದ್ರು, ಅಂತ. ಅದರಿಂದ ಯಾರಿಗೂ ತೊಂದ್ರೆ ಇಲ್ಲ. ಸರ್ವೆ ಮತ್ತೆ ಕಳಿಸಬಹುದು."

"ಎಲ್ಲಾ ಮನೆಗೂ?"

"ಎಲ್ಲಾ ಮನೆಗೂ." ಅವನು ಕಿಟಕಿಯ ಕಡೆ ನೋಡಿದ. "ಸುಳ್ಳು ಮಾಹಿತಿ ಕೊಟ್ಟವರ ಮನೆ ಬಿಟ್ಟು. ಅದು ನಿಯಮ."

ಒಪ್ಪಕ್ಕ ನೀರು ಕುಡಿದಳು. ಲೋಟ ಮೇಜಿನ ಮೇಲೆ ಒದ್ದೆಯ ಉಂಗುರ ಮೂಡಿಸಿತ್ತು. ಎದ್ದು ಹೋಗುವಾಗ ಅದನ್ನು ಒರೆಸಲಿಲ್ಲ.

ಆ ದಿನವೆಲ್ಲ ಅವಳು ಒಂದೊಂದೇ ಮನೆಯ ಮುಂದೆ, ಮನೆಯಿದ್ದ ಜಾಗದ ಮುಂದೆ, ಹೋಗಿ ನಿಂತಳು. ಮಾತು ಎಲ್ಲೆಡೆ ಒಂದೇ. "ನಾಳೆ ಕಚೇರಿಗೆ ಬನ್ನಿ. ನಾನು ಸುಳ್ಳು ಹೇಳಿದೆ ಅಂತ ಹೇಳಿ." ಕೊಲ್ಲಿಯವನು ಗಾರೆಯ ಕೈ ಒರೆಸಿಕೊಳ್ಳುತ್ತ ತಲೆಯಾಡಿಸಿದ. ಹಾಲಿನವಳು ಮೊದಲು ನಕ್ಕಳು, ಗೇಲಿಯೆಂದುಕೊಂಡು. ಆಮೇಲೆ, "ನಿನ್ನ ಮನೆ?" ಎಂದಳು.

"ಅದು ಒಪ್ಪವಾಗೇ ಇದೆಯಲ್ಲ."

"ಗೋಡೆ ಇಲ್ವಲ್ಲೇ ಅಕ್ಕಾ!"

ಒಪ್ಪಕ್ಕ ಅಷ್ಟರಲ್ಲಿ ಮುಂದಿನ ಮನೆಯ ಕಡೆ ತಿರುಗಿದ್ದಳು.

ಕಚೇರಿಯ ಹಜಾರದಲ್ಲಿ ಬೀದಿಯವರು ಗೋಡೆಗುಂಟ ನಿಂತರು. ಒಪ್ಪಕ್ಕನಿಗೆ ಪಕ್ಕದಲ್ಲೊಂದು ಕುರ್ಚಿ. ಗುಮಾಸ್ತ ಒಬ್ಬೊಬ್ಬರನ್ನೇ ಕರೆದು, ಅವಳ ಕಡೆ ಬೆರಳು ತೋರಿಸಿ ಕೇಳುತ್ತಿದ್ದ: "ಈಕೆ ಸುಳ್ಳು ಹೇಳಿದ್ದು ಹೌದಾ?"

ಮೊದಲು ಹೋದವಳು ಹಾಲಿನವಳು. ಮೊನ್ನೆ ಅಷ್ಟು ಸಲೀಸಾಗಿ ಬಂದ ಮಾತು ಇವತ್ತು ತಡವರಿಸಿತು. ಎರಡು ಸಲ ಕೆಮ್ಮಿ, "ಹೌದು" ಎಂದು, ಸೆರಗು ಬಾಯಿಗಿಟ್ಟುಕೊಂಡು ಹೊರಗೋಡಿದಳು. ಕೊಲ್ಲಿಯವನು "ಹೂಂ" ಎಂದ. ಅದನ್ನು ಗುಮಾಸ್ತ ಬರೆದುಕೊಳ್ಳಲಿಲ್ಲ. "ಹೌದು ಅನ್ಬೇಕು." "ಹೌದು." ಆಮೇಲೆ ಮಾತು ಸಲೀಸಾಯಿತು. ಹೌದು. ಹೌದು ಸಾರ್. ಹೌದು, ಹೇಳಿದ್ಲು. ಯಾರೋ ಒಬ್ಬ, ಕೇಳದಿದ್ದರೂ, "ಅವಳು ಮೊದ್ಲಿಂದ್ಲೂ ಹಾಗೇ" ಎಂದುಬಿಟ್ಟ. ಒಪ್ಪಕ್ಕ ಬೆಚ್ಚಿ ತಲೆಯೆತ್ತಿದಳು. ಹೇಳಿ ಎಂದು ಮನೆಮನೆಗೆ ಹೋಗಿ ಬೇಡಿದ್ದು ತಾನೇ. ಇಷ್ಟು ಜನ, ಇಷ್ಟು ಬಾಯಿ, ಒಂದರ ಹಿಂದೊಂದು ಹೇಳಿದರೆ ಅದು ನಿಜದ ಹಾಗೆಯೇ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಉಳಿದವಳು ಅತ್ತೆ. ಬೇಡವೆಂದರೂ ಕೋಲೂರಿಕೊಂಡು ಬಂದಿದ್ದಳು. "ಎಲ್ಲರೂ ಹೇಳ್ಬೇಕು, ಒಂದು ಬಾಯಿ ಕಮ್ಮಿಯಾದ್ರೂ ಮೇಲಿನವರು ವಾಪಸ್ ಕಳಿಸ್ತಾರೆ" ಎಂದ ಗುಮಾಸ್ತ.

"ಅಜ್ಜಿ, ನಿಮ್ಮ ಸೊಸೆ ಸುಳ್ಳು ಹೇಳಿದ್ದು ಹೌದಾ?"

"ನಮ್ಮ ಮನೇಲಿ ಸುಳ್ಳು ಹೇಳೋದು ನಾನೊಬ್ಳೇ ಕಣಪ್ಪ. ಬೇಕಾದ್ರೆ ನನ್ನ ಹೆಸರು ಬರ್ಕೋ."

ಹಜಾರದಲ್ಲಿ ನಗು ಹರಡಿತು. ಗುಮಾಸ್ತ ನಗಲಿಲ್ಲ, ಪೆನ್ನು ಕೆಳಗಿಟ್ಟ. ನಗು ತಾನಾಗಿ ನಿಂತಿತು. ಬಾಗಿಲ ಹೊರಗೆ ಹಾಲಿನವಳ ಚಿಕ್ಕ ಮಗು ಎಡೆಬಿಡದೆ ಕೆಮ್ಮುತ್ತಿತ್ತು.

ಒಪ್ಪಕ್ಕ ಕುರ್ಚಿಯಿಂದೆದ್ದು ಅತ್ತೆಯ ಪಕ್ಕಕ್ಕೆ ಬಂದಳು.

"ಅತ್ತೆ, ಹೇಳಿ."

"ನಂಗೆ ಬಾಯಿ ಬರಲ್ಲ, ಹೋಗು."

"ಇಷ್ಟು ವರ್ಷ ಬಯ್ದಿಲ್ವಾ? ಇದೂ ಅದ್ರಲ್ಲೇ ಒಂದು ಅಂದ್ಕೊಳ್ಳಿ."

ಮುದುಕಿ ಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿದಳು, ಈಗಷ್ಟೇ ಯಾರೋ ಕರೆತಂದು ನಿಲ್ಲಿಸಿದವಳನ್ನು ನೋಡುವ ಹಾಗೆ. ಆಮೇಲೆ ಗುಮಾಸ್ತನ ಕಡೆ ತಿರುಗಿದಳು.

"ಹೇಳಿದ್ಲು" ಎಂದಳು. "ಬರ್ಕೋ. ದೊಡ್ಡದಾಗಿ ಬರ್ಕೋ."

ಅವನು ಬರೆದುಕೊಂಡ. ಒಪ್ಪಕ್ಕ ಅತ್ತೆಯ ತೋಳು ಹಿಡಿದಳು. ಇಬ್ಬರೂ ಗೋಡೆಯಿಲ್ಲದ ಮನೆಯ ಕಡೆ ನಡೆದರು.